ನಡಾವಳಿ ಪುಸ್ತಕ ಮೊದಲು, ಆಡಿಟ್ ವರದಿ ಆಮೇಲೆ

ಬಡಾವಣೆಯ ಸೇವಾ ಸಂಘಕ್ಕೆ ದುಡ್ಡು ಕೊಡುವವರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ: ಆಡಿಟ್ ಆಗಿದೆಯಾ, 80ಜಿ ತೆರಿಗೆ ವಿನಾಯಿತಿ ಸಿಗುತ್ತದಾ? ಎರಡಕ್ಕೂ ಹೌದು ಎಂಬ ಉತ್ತರ ಬಂದರೆ ವಿಚಾರಣೆ ಅಲ್ಲಿಗೆ ಮುಗಿಯಿತು. ಹೆಚ್ಚಿನವರು ಅಷ್ಟನ್ನೂ ಕೇಳುವುದಿಲ್ಲ. ಅಧ್ಯಕ್ಷರು ಗೊತ್ತಿರುವವರು, ಸಜ್ಜನರು, ನಿವೃತ್ತ ಮೇಷ್ಟ್ರೋ ಬ್ಯಾಂಕಿನವರೋ ಆಗಿದ್ದಾರೆ, ಅಷ್ಟು ಸಾಕು. ಹೀಗೆ ನಡೆಯುವ ಸಂಘಗಳು ಕರ್ನಾಟಕದ ಊರೂರಲ್ಲಿವೆ. ಜೂನ್ ಬಂತೆಂದರೆ ನೋಟ್‌ಬುಕ್ ಹಂಚುವವು, ಬಡ ಮಕ್ಕಳ ಶುಲ್ಕ ಕಟ್ಟುವವು, ಡಯಾಲಿಸಿಸ್ ಖರ್ಚಿಗೆ ನೆರವಾಗುವವು, ಒಂಟಿ ವೃದ್ಧರಿಗೆ ಮಧ್ಯಾಹ್ನದ ಊಟ ಕಳಿಸುವವು. ಇವುಗಳ ವರ್ಷದ ವಹಿವಾಟು ಕೆಲವು ಲಕ್ಷ ದಾಟುವುದು ಕಷ್ಟ, ಸಂಬಳದ ನೌಕರರು ಇದ್ದರೆ ಒಬ್ಬರೋ ಇಬ್ಬರೋ. ಇಂಥ ಸಂಘದ ಹಣಕಾಸನ್ನೂ ಆಡಳಿತವನ್ನೂ ಹೊರಗಿನವರು ಹೇಗೆ ಅಳೆಯಬೇಕು? ಈ ಪ್ರಶ್ನೆಗೆ ಸಿಗುವ ಉತ್ತರಗಳೆಲ್ಲ ಲೆಕ್ಕದ ತಖ್ತೆಯಿಂದ ಶುರುವಾಗುತ್ತವೆ. ನನ್ನ ವಾದ ಬೇರೆ. ಚಿಕ್ಕ ಸಂಘದಲ್ಲಿ ಲೆಕ್ಕ ಕೆಡುವುದಕ್ಕೆ ಬಹಳ ಮೊದಲೇ ಸಭೆ ಕೆಟ್ಟಿರುತ್ತದೆ. ಆದ್ದರಿಂದ ಆಡಿಟ್ ವರದಿಗಿಂತ ಮುಂಚೆ ಓದಬೇಕಾದದ್ದು ನಡಾವಳಿ ಪುಸ್ತಕವನ್ನು.

ಕಾನೂನಿನ ಚೌಕಟ್ಟನ್ನು ಚುಟುಕಾಗಿ ನೋಡಿಬಿಡೋಣ. ಇಂಥ ಸಂಸ್ಥೆಗಳು ಬಹುತೇಕ ಎರಡು ಬಗೆಯವು. ಒಂದು, 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾದ ಸಂಘ. ಇನ್ನೊಂದು, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಡೀಡ್ ನೋಂದಾಯಿಸಿಕೊಂಡ ಟ್ರಸ್ಟು. ಸಂಘಕ್ಕೆ ಕನಿಷ್ಠ ಏಳು ಜನ ಬೇಕು, ಬೈಲಾ ಬೇಕು, ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಡೆಯಬೇಕು, ಸಭೆಯಾದ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿಯನ್ನೂ ಆಡಿಟ್ ಆದ ಲೆಕ್ಕವನ್ನೂ ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಸದಸ್ಯರಲ್ಲಿ ಮೂರನೇ ಒಂದು ಭಾಗ ಸೇರಿ ಅರ್ಜಿ ಕೊಟ್ಟರೆ ಆ ಅಧಿಕಾರಿ ವಿಚಾರಣೆ ನಡೆಸಲೇಬೇಕು. ಟ್ರಸ್ಟಿನ ಕಥೆ ಬೇರೆ. 1882ರ ಭಾರತೀಯ ಟ್ರಸ್ಟ್ ಕಾಯ್ದೆ ಇರುವುದು ಖಾಸಗಿ ಟ್ರಸ್ಟುಗಳಿಗೆ. ಸಾರ್ವಜನಿಕ ದತ್ತಿಗಳಿಗಾಗಿ ಮಹಾರಾಷ್ಟ್ರದಲ್ಲಿ 1950ರಿಂದ ಪ್ರತ್ಯೇಕ ಕಾಯ್ದೆ ಇದೆ, ಚಾರಿಟಿ ಕಮಿಷನರ್ ಎಂಬ ಅಧಿಕಾರಿ ಇದ್ದಾರೆ. ನಮ್ಮಲ್ಲಿ ಅಂಥ ಕಮಿಷನರ್ ಇಲ್ಲ. ಟ್ರಸ್ಟಿಗಳು ದಾರಿ ತಪ್ಪಿದರೆ ಹಿತಾಸಕ್ತಿಯುಳ್ಳ ಇಬ್ಬರಾದರೂ ಸೇರಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನಡಿ ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬೇಕು. ನೋಟ್‌ಬುಕ್ ಹಂಚುವ ಟ್ರಸ್ಟಿನ ಮೇಲೆ ಅಷ್ಟು ದೂರ ಹೋಗುವವರು ಯಾರು? ಈ ಕಾರಣಕ್ಕೇ ಹೊಸದಾಗಿ ಸೇವೆ ಶುರು ಮಾಡುವವರಿಗೆ ಸಿಗುವ ಸಲಹೆಯೆಂದರೆ ‘ಸಂಘ ಬೇಡ, ಟ್ರಸ್ಟ್ ಮಾಡಿ, ಚುನಾವಣೆಯ ತಲೆನೋವಿಲ್ಲ’ ಎಂಬುದು. ದಾನಿ ಈ ಸಲಹೆಯನ್ನು ತಿರುಗಿಸಿ ಓದಿಕೊಳ್ಳಬೇಕು. ಪದಾಧಿಕಾರಿಗಳಿಗೆ ತಪ್ಪಿದ ತಲೆನೋವು ದಾನಿಯ ತಲೆಗೆ ಬಂದಿರುತ್ತದೆ.

ಕಾಯ್ದೆ ಕೇಳುವುದಕ್ಕೂ ನಡೆಯುವುದಕ್ಕೂ ಇರುವ ಅಂತರ ಎಷ್ಟೆಂಬುದಕ್ಕೆ ಒಂದು ಅಂಕಿ ಇದೆ. 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ವರದಿಯ ಪ್ರಕಾರ, 20 ರಾಜ್ಯಗಳಲ್ಲಿ ನೋಂದಣಿಯಾಗಿದ್ದ 22 ಲಕ್ಷಕ್ಕೂ ಹೆಚ್ಚು ಸ್ವಯಂಸೇವಾ ಸಂಸ್ಥೆಗಳಲ್ಲಿ ನೋಂದಣಾಧಿಕಾರಿಗಳಿಗೆ ಲೆಕ್ಕಪತ್ರ ಸಲ್ಲಿಸಿದ್ದವು ಸುಮಾರು 2.23 ಲಕ್ಷ, ಅಂದರೆ ಶೇ. 10ರ ಒಳಗೆ. ಈ ಅಂಕಿಯನ್ನು ಹಿಡಿದುಕೊಂಡು ‘ಹತ್ತರಲ್ಲಿ ಒಂಬತ್ತು ಕಳ್ಳ ಸಂಸ್ಥೆಗಳು’ ಎಂದು ಕೂಗಿದವರಿದ್ದಾರೆ. ಅದು ಅವಸರದ ಮಾತು. ಉತ್ಸಾಹದಲ್ಲಿ ಹುಟ್ಟಿ ಎರಡು ವರ್ಷದಲ್ಲಿ ನಿಂತುಹೋದ ಸಂಘವನ್ನು ಯಾರೂ ಅಧಿಕೃತವಾಗಿ ವಿಸರ್ಜಿಸುವುದಿಲ್ಲ, ಅದರ ಹೆಸರು ಕಡತದಲ್ಲಿ ಹಾಗೇ ಉಳಿದಿರುತ್ತದೆ. ನಡೆಯುತ್ತಿರುವ ಸಂಘಗಳಲ್ಲೂ ‘ರಿನ್ಯೂವಲ್’ ಎಂದು ಕರೆಯುವ ಈ ವಾರ್ಷಿಕ ಸಲ್ಲಿಕೆ ಅನುದಾನದ ಅರ್ಜಿ ಹಾಕುವಾಗ, ಬ್ಯಾಂಕಿನಲ್ಲಿ ಸಹಿ ಬದಲಾಯಿಸುವಾಗ ನೆನಪಾಗುವ ಕೆಲಸ. ಆಗ ನಾಲ್ಕೈದು ವರ್ಷದ ಲೆಕ್ಕವನ್ನು ಒಂದೇ ವಾರದಲ್ಲಿ ಬರೆಸಿ, ಒಂದೇ ದಿನ ಆಡಿಟರ ಸಹಿ ಮಾಡಿಸಿ, ದಂಡ ಕಟ್ಟಿ ಸಲ್ಲಿಸುತ್ತಾರೆ. ಅಂಥ ಲೆಕ್ಕದಲ್ಲಿ ಒಂದು ಪೈಸೆಯ ವ್ಯತ್ಯಾಸವೂ ಇರುವುದಿಲ್ಲ. ದಿನಾಂಕಗಳು ಮಾತ್ರ ನಿಜ ಹೇಳಿಬಿಡುತ್ತವೆ: ನಾಲ್ಕು ವರ್ಷ ಆ ಸಂಘದ ಸದಸ್ಯರು ತಮ್ಮ ಲೆಕ್ಕವನ್ನು ನೋಡಿಯೇ ಇರಲಿಲ್ಲ.

ಆಡಿಟ್ ಆಗಿದೆಯಲ್ಲ, ಮತ್ತೇನು ಅನುಮಾನ ಎಂಬುದು ಮೊದಲ ಆಕ್ಷೇಪ. ಲೆಕ್ಕಪರಿಶೋಧಕರು ತಮ್ಮ ಮುಂದಿಟ್ಟ ಪುಸ್ತಕ, ವೋಚರ್, ಪಾಸ್‌ಬುಕ್ಕುಗಳನ್ನು ತಾಳೆ ನೋಡುತ್ತಾರೆ. ಸಣ್ಣ ಸಂಘದ ಕೆಲಸಕ್ಕೆ ಅವರು ತೆಗೆದುಕೊಳ್ಳುವ ಶುಲ್ಕವೂ ಸಣ್ಣದು, ಎಷ್ಟೋ ಸಲ ಸೇವೆಯೆಂದು ಬಿಟ್ಟೇಬಿಡುತ್ತಾರೆ. ಬರೆಯದೇ ಹೋದ ರಸೀದಿಯನ್ನು ಅವರು ಕಾಣುವುದು ಹೇಗೆ? ಗಣೇಶೋತ್ಸವದ ಪೆಂಡಾಲಿನ ಪಕ್ಕ ಮೇಜು ಹಾಕಿ ಎತ್ತಿದ ನಗದು, ಸಂಘದ ಹೆಸರಿನಲ್ಲಿ ಅಂಗಡಿಯವರು ಕೊಟ್ಟ ಹತ್ತು ಮೂಟೆ ಅಕ್ಕಿ, ಇವು ಪುಸ್ತಕಕ್ಕೆ ಬಾರದಿದ್ದರೆ ಆಡಿಟ್ ವರದಿ ಪರಿಶುದ್ಧವಾಗಿಯೇ ಇರುತ್ತದೆ. ಇದನ್ನು ಹಿಡಿಯುವ ಉಪಾಯಗಳು ಹಳೆಯವು, ಸರಳವಾದವು. ರಸೀದಿ ಪುಸ್ತಕಗಳಿಗೆ ಕ್ರಮಸಂಖ್ಯೆ ಇದೆಯೇ, ಈ ವರ್ಷ ಎಷ್ಟು ಪುಸ್ತಕ ಅಚ್ಚಾಯಿತು, ಯಾರ ಕೈಗೆ ಎಷ್ಟು ಹೋಯಿತು, ಬಳಸದೆ ಉಳಿದವು ಎಲ್ಲಿವೆ? ಈ ನಾಲ್ಕಕ್ಕೆ ಖಜಾಂಚಿ ಕಡತ ನೋಡದೆ ಉತ್ತರ ಹೇಳಬಲ್ಲರಾದರೆ ಆ ಸಂಘದ ಆದಾಯದ ಬಗ್ಗೆ ನೆಮ್ಮದಿಯಿಂದಿರಬಹುದು. ಈಗಂತೂ ಇನ್ನೂ ಸುಲಭದ ಪರೀಕ್ಷೆಯೊಂದು ಎಲ್ಲರ ಜೇಬಿನಲ್ಲಿದೆ. ಕರಪತ್ರದ ಮೇಲಿನ ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಮೊಬೈಲಿನಲ್ಲಿ ಮೂಡುವುದು ಸಂಘದ ಹೆಸರೋ, ಒಬ್ಬ ವ್ಯಕ್ತಿಯ ಹೆಸರೋ? ವ್ಯಕ್ತಿಯ ಹೆಸರು ಬಂದರೆ ‘ಸಂಘದ ಖಾತೆಗೆ ಯುಪಿಐ ಇನ್ನೂ ಆಗಿಲ್ಲ ಸಾರ್, ತಿಂಗಳ ಕೊನೆಗೆ ವರ್ಗಾಯಿಸುತ್ತೇವೆ’ ಎಂಬ ವಿವರಣೆ ಸಿಗುತ್ತದೆ. ಅದು ಸತ್ಯವೇ ಇರಬಹುದು. ಆದರೂ ಒಬ್ಬರ ಮನೆಯ ಖಾತೆಯಲ್ಲಿ ಸಂಘದ ದುಡ್ಡು ಬೆರೆತ ಮೇಲೆ ಅದನ್ನು ಬೇರ್ಪಡಿಸಿ ತೋರಿಸುವುದು ಆ ಪ್ರಾಮಾಣಿಕನಿಗೂ ಆಗದ ಕೆಲಸ.

80ಜಿ ಕುರಿತು ಒಂದೆರಡು ಮಾತು ಸಾಕು. 2021ರ ಏಪ್ರಿಲ್‌ನಿಂದ ಈ ಮಾನ್ಯತೆ ಅವಧಿಗೆ ಸೀಮಿತವಾಗಿದೆ. ಕಚೇರಿಯ ಗೋಡೆಗೆ ಕಟ್ಟು ಹಾಕಿಸಿ ತೂಗುಹಾಕಿದ ಹಳೆಯ ಆದೇಶಪತ್ರಕ್ಕೆ ಅಲಂಕಾರದ ಬೆಲೆಯಷ್ಟೇ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಇಲ್ಲ. 2021–22ರ ದೇಣಿಗೆಗಳಿಂದ ಮೊದಲಾಗಿ ದಾನಿವಾರು ವಿವರವನ್ನು ಸಂಸ್ಥೆ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಇಲಾಖೆಯ ಜಾಲತಾಣದಲ್ಲೇ ತಯಾರಾಗುವ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕು. ಅಚ್ಚುಹಾಕಿದ ರಸೀದಿ ಕೊಟ್ಟು ಆ ಪ್ರಮಾಣಪತ್ರ ಕೊಡದ ಸಂಘವಾದರೆ ವಿಚಾರಿಸಬೇಕು. ಇಷ್ಟಾಗಿಯೂ 80ಜಿ ಹೇಳುವುದು ತೆರಿಗೆಯ ವಿಷಯವನ್ನು. ಸಂಘ ಚೆನ್ನಾಗಿ ನಡೆಯುತ್ತಿದೆಯೇ ಎಂಬುದು ಅದರ ವ್ಯಾಪ್ತಿಯೊಳಗೆ ಬರುವುದೇ ಇಲ್ಲ.

ಈಗ ಲೆಕ್ಕವನ್ನೇ ನೋಡೋಣ. ಒಂದು ಸಂಘದ ಜಮಾ-ಖರ್ಚಿನ ಹಾಳೆ ಹೀಗಿದೆ ಎಂದಿಟ್ಟುಕೊಳ್ಳಿ. ಜಮಾ ಕಡೆ ದೇಣಿಗೆ 4,80,000, ಠೇವಣಿಯ ಬಡ್ಡಿ 65,000, ಸ್ಮರಣ ಸಂಚಿಕೆಯ ಜಾಹೀರಾತು 55,000, ಒಟ್ಟು ಆರು ಲಕ್ಷ. ಖರ್ಚಿನ ಕಡೆ ಶುಲ್ಕ ಮತ್ತು ನೋಟ್‌ಬುಕ್ 3,10,000, ವೈದ್ಯಕೀಯ ನೆರವು 90,000, ವಾರ್ಷಿಕೋತ್ಸವ 1,20,000, ಕಚೇರಿ ಖರ್ಚು 60,000, ಒಟ್ಟು 5,80,000. ಉಳಿತಾಯ 20,000. ಮೇಲುನೋಟಕ್ಕೆ ಯಾವ ಕೊಂಕೂ ಇಲ್ಲ. ಆದಾಯದ ಶೇ. 85ರಷ್ಟನ್ನು ಉದ್ದೇಶಕ್ಕಾಗಿ ವಿನಿಯೋಗಿಸಬೇಕೆಂಬ ತೆರಿಗೆ ನಿಯಮಕ್ಕೂ ಅಡ್ಡಿ ಕಾಣುವುದಿಲ್ಲ. ಮೊದಲ ಓದಿಗೆ ಕಣ್ಣಿಗೆ ಹೊಡೆಯುವುದು ವಾರ್ಷಿಕೋತ್ಸವ: ರೋಗಿಗಳಿಗೆ ಕೊಟ್ಟದ್ದಕ್ಕಿಂತ ಶಾಮಿಯಾನ, ಹಾರ, ಊಟಕ್ಕೆ ಹೋದದ್ದು ಹೆಚ್ಚು. ಎರಡನೇ ಓದಿಗೆ ಆ ಕೋಪ ಸ್ವಲ್ಪ ಇಳಿಯುತ್ತದೆ. ಸ್ಮರಣ ಸಂಚಿಕೆಯ ಜಾಹೀರಾತು ಬಂದದ್ದೇ ಉತ್ಸವದ ನೆಪದಲ್ಲಿ. ಅದನ್ನು ಕಳೆದರೆ ಉತ್ಸವದ ನಿಜವಾದ ಹೊರೆ 65,000. ಇನ್ನೊಮ್ಮೆ ಓದಿದರೆ ಬೇರೆ ಸಾಲೊಂದು ಕಾಡುತ್ತದೆ. ಶೇ. 6.5ರ ದರದಲ್ಲಿ 65,000 ಬಡ್ಡಿ ಬರಬೇಕಾದರೆ ಹತ್ತು ಲಕ್ಷದ ಎಫ್‌ಡಿ ಇರಬೇಕು. ಅಂದರೆ ಒಂದು ರೂಪಾಯಿ ಹೊಸ ದೇಣಿಗೆ ಬಾರದಿದ್ದರೂ ಈ ಸಂಘ ಇಪ್ಪತ್ತು ತಿಂಗಳು ಹೀಗೇ ನಡೆಯಬಲ್ಲದು. ಆ ಹಣವನ್ನು ಯಾವುದಕ್ಕೆಂದು ಕೂಡಿಟ್ಟಿದ್ದಾರೆ? ಸ್ವಂತ ಕಟ್ಟಡಕ್ಕೋ, ಕಷ್ಟಕಾಲಕ್ಕೋ, ಅಥವಾ ಏನು ಮಾಡಬೇಕೆಂದು ಯಾರಿಗೂ ತೋಚದೆಯೋ? ಹಾಳೆಯಲ್ಲಿ ಇದಕ್ಕೆ ಉತ್ತರವಿಲ್ಲ. ಯಾವ ಸಭೆಯಲ್ಲಿ ಯಾರು ಏನು ಹೇಳಿ ಈ ಠೇವಣಿ ಇಡಲಾಯಿತು ಎಂಬುದು ನಡಾವಳಿ ಪುಸ್ತಕದಲ್ಲಿರಬೇಕು.

ಕೂಡಿಟ್ಟ ಹಣದ ಬಗ್ಗೆ ಗಾಂಧೀಜಿ ಆತ್ಮಕಥೆಯಲ್ಲಿ ಬರೆದ ಮಾತುಗಳು ಇಂದಿಗೂ ಚುಚ್ಚುತ್ತವೆ. 1894ರಲ್ಲಿ ಸ್ಥಾಪನೆಯಾದ ನಟಾಲ್ ಇಂಡಿಯನ್ ಕಾಂಗ್ರೆಸ್ಸಿನಲ್ಲಿ ಅವರು ಪ್ರತಿ ಚಂದಾಕ್ಕೂ ರಸೀದಿ ಕೊಡಿಸಿದರು, ಲೆಕ್ಕ ಚೊಕ್ಕಟವಾಗಿಲ್ಲದೆ ಸಾರ್ವಜನಿಕ ಸಂಸ್ಥೆ ನಡೆಯದು ಎಂದರು. ಅದೇ ಗಾಂಧಿ ಶಾಶ್ವತ ನಿಧಿಯ ಮೇಲೆ ಬದುಕುವ ಸಂಸ್ಥೆಗಳನ್ನು ಒಪ್ಪಲಿಲ್ಲ. ವರ್ಷವರ್ಷ ಜನರ ಬಳಿ ಕೈಯೊಡ್ಡಬೇಕಾದ ಸಂಸ್ಥೆ ಜನರ ಅಭಿಪ್ರಾಯಕ್ಕೆ ಬಗ್ಗುತ್ತದೆ, ಬಡ್ಡಿಯ ಮೇಲೆ ಬದುಕುವ ಸಂಸ್ಥೆಗೆ ಜನ ಬೇಡವಾಗುತ್ತಾರೆ ಎಂಬುದು ಅವರ ನಿಲುವಿನ ತಿರುಳು. ಪೂರ್ತಿಯಾಗಿ ಇದನ್ನು ಒಪ್ಪುವುದು ಕಷ್ಟ. ಡಯಾಲಿಸಿಸ್‌ಗೆ ನೆರವು ಕೊಡುವ ಸಂಘಕ್ಕೆ ಆರು ತಿಂಗಳ ಖರ್ಚಿನಷ್ಟು ಕಾಪು ನಿಧಿ ಇಲ್ಲದಿದ್ದರೆ, ದೇಣಿಗೆ ಕುಸಿದ ವರ್ಷ ರೋಗಿಯ ಗತಿಯೇನು? ಆದರೆ ಅವರ ಮಾತಿನ ಹಿಂದಿರುವ ತರ್ಕವನ್ನು ತಳ್ಳಿಹಾಕಲಾಗದು. ನಮ್ಮ ಸಂಘಗಳ ದತ್ತಿನಿಧಿಗಳನ್ನೇ ನೋಡಿ. ತಾಯಿಯ ಹೆಸರಿನಲ್ಲಿ ಹತ್ತು ಸಾವಿರ ಇಟ್ಟು, ಅದರ ಬಡ್ಡಿಯಿಂದ ಪ್ರತಿ ವರ್ಷ ಒಬ್ಬ ವಿದ್ಯಾರ್ಥಿಗೆ ನೆರವು ಕೊಡಿ ಎಂದು ಮೂವತ್ತು ವರ್ಷದ ಹಿಂದೆ ಕೇಳಿಕೊಂಡ ಮಗನಿಗೆ ಸಂಘ ಮಾತು ಕೊಟ್ಟಿರುತ್ತದೆ. ಇವತ್ತಿನ ದರದಲ್ಲಿ ಆ ಬಡ್ಡಿ 650 ರೂಪಾಯಿ. ಕೊಡುವ ಫಲಕ, ಶಾಲು, ಆಹ್ವಾನ ಪತ್ರಿಕೆಯ ಖರ್ಚು ಅದಕ್ಕಿಂತ ಹೆಚ್ಚು. ಕೆಲವೆಡೆ ಇಂಥ ದತ್ತಿಗಳನ್ನೆಲ್ಲ ಒಂದೇ ಠೇವಣಿಯಾಗಿ ಬೆರೆಸಿ, ಯಾವುದು ಯಾರದ್ದೆಂಬ ಪಟ್ಟಿಯನ್ನೂ ಕಳೆದುಕೊಂಡಿದ್ದಾರೆ. ಕಳವು ಇಲ್ಲಿ ನಡೆದಿಲ್ಲ. ಕೊಟ್ಟ ಮಾತನ್ನು ನೆನಪಿಟ್ಟುಕೊಳ್ಳುವ ವ್ಯವಸ್ಥೆಯೇ ಇರಲಿಲ್ಲ, ಅಷ್ಟೆ.

ಹಾಗಾದರೆ ನಡಾವಳಿ ಪುಸ್ತಕದಲ್ಲಿ ಏನನ್ನು ಹುಡುಕಬೇಕು? ಮೊದಲು ಭಿನ್ನಾಭಿಪ್ರಾಯವನ್ನು. ಮೂರು ವರ್ಷದ ನಡಾವಳಿಯಲ್ಲಿ ಪ್ರತಿ ಠರಾವೂ ‘ಸರ್ವಾನುಮತದಿಂದ ಅಂಗೀಕರಿಸಲಾಯಿತು’ ಎಂದೇ ಮುಗಿದಿದ್ದರೆ, ಒಂದೋ ಅಲ್ಲಿರುವವರು ದೇವತೆಗಳು, ಇಲ್ಲವೇ ಪುಸ್ತಕ ಬರೆದು ಮನೆಮನೆಗೆ ಸಹಿಗೆ ಕಳಿಸಲಾಗಿದೆ. ಎರಡನೆಯದು, ಯಾರಾದರೂ ಸಭೆಯಿಂದ ಹೊರಗೆ ಕೂತದ್ದು ದಾಖಲಾಗಿದೆಯೇ? ಕಾರ್ಯದರ್ಶಿಯ ತಮ್ಮನ ಅಂಗಡಿಯಿಂದ ನೋಟ್‌ಬುಕ್ ಕೊಳ್ಳುವುದು ಅಪರಾಧವೇನಲ್ಲ, ಅಲ್ಲೇ ಅಗ್ಗಕ್ಕೆ ಸಿಗುತ್ತಿರಬಹುದು. ಆದರೆ ಮೂರು ಕೊಟೇಶನ್ ತರಿಸಿ, ಕಾರ್ಯದರ್ಶಿಯನ್ನು ಹೊರಗಿಟ್ಟು ನಿರ್ಧರಿಸಿದ್ದು ಬರಹದಲ್ಲಿದ್ದರೆ ಮಾತ್ರ ಆ ಅಗ್ಗಕ್ಕೆ ಸಾಕ್ಷಿ. ನೆರವು ಯಾರಿಗೆ ಎಂಬ ಆಯ್ಕೆಯಲ್ಲೂ ಇದೇ ಕಥೆ. ಬಂದ ಅರ್ಜಿ ಎಷ್ಟು, ಒಪ್ಪಿದ್ದೆಷ್ಟು, ಒಪ್ಪದ್ದಕ್ಕೆ ಕಾರಣವೇನು? ತಿರಸ್ಕೃತ ಅರ್ಜಿಗಳ ದಾಖಲೆಯೇ ಇಲ್ಲದ ಸಂಘದಲ್ಲಿ ಪರಿಚಯವೇ ಅರ್ಹತೆಯಾಗಿರುವ ಸಂಭವ ಹೆಚ್ಚು. ಕೊನೆಯದಾಗಿ ಸದಸ್ಯತ್ವ. ನನಗೆ ಬಹು ಮುಖ್ಯವಾಗಿ ಕಾಣುವುದು ಇದೇ. ಬೈಲಾದಲ್ಲಿ ‘18 ವರ್ಷ ತುಂಬಿದ ಯಾರೂ ಸದಸ್ಯರಾಗಬಹುದು’ ಎಂದಿರುತ್ತದೆ. ಅರ್ಜಿ ಫಾರಂ ಕೇಳಿದರೆ ‘ಸದ್ಯ ಯಾರನ್ನೂ ತಗೊಳ್ತಿಲ್ಲ’ ಎಂಬ ಉತ್ತರ ಬರುತ್ತದೆ. ಹತ್ತು ವರ್ಷದಿಂದ ಸದಸ್ಯರ ಪಟ್ಟಿ ಬೆಳೆಯದಿದ್ದರೆ ಚುನಾವಣೆ, ಕೋರಂ, ಮಹಾಸಭೆ ಎಲ್ಲವೂ ಒಂದೇ ಗುಂಪಿನ ಮನೆವಾರ್ತೆ.

ಒಬ್ಬ ನಿಸ್ವಾರ್ಥಿ ಸಾಕು, ಸಮಿತಿಗಳಿಂದ ಯಾವ ಒಳ್ಳೆಯ ಕೆಲಸ ಆಗಿದೆ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಹಗುರವಾಗಿ ನೋಡುವಂತಿಲ್ಲ. ಬಡಾವಣೆಯ ಸೇವಾಕಾರ್ಯಗಳು ಹುಟ್ಟುವುದು ಹೆಚ್ಚಾಗಿ ಒಬ್ಬರ ಹಟದಿಂದ. ಬೆಳಿಗ್ಗೆ ಆರಕ್ಕೆ ತರಕಾರಿ ಮಾರುಕಟ್ಟೆಗೆ ಹೋಗಿ, ಹತ್ತಕ್ಕೆ ಅಡುಗೆಯವರ ಬೆನ್ನಿಗೆ ನಿಂತು, ಸಂಜೆ ಲೆಕ್ಕ ಬರೆಯುವ ಆ ಒಬ್ಬರಿಲ್ಲದಿದ್ದರೆ ಊಟದ ಕ್ಯಾರಿಯರ್ ಯಾರ ಬಾಗಿಲಿಗೂ ಹೋಗುವುದಿಲ್ಲ. ಅಂಥವರ ಮೇಲೆ ಸಮಿತಿ ಹೇರಿದರೆ ಕೆಲಸ ನಿಂತು ಜಗಳ ಉಳಿದ ಉದಾಹರಣೆಗಳೂ ಇವೆ. ಆದರೆ ಇದೇ ಆಕ್ಷೇಪದೊಳಗೆ ಅದಕ್ಕೆ ಉತ್ತರವೂ ಇದೆ. ಅವರಿಗೆ ಪಾರ್ಶ್ವವಾಯು ಬಡಿದ ದಿನ ಚೆಕ್ಕಿಗೆ ಸಹಿ ಮಾಡುವವರು ಯಾರು? ಬಾಡಿಗೆ ಕರಾರು, ಗ್ಯಾಸ್ ಸಂಪರ್ಕ, ಆಂಬುಲೆನ್ಸಿನ ನೋಂದಣಿ ಅವರ ಸ್ವಂತ ಹೆಸರಿನಲ್ಲಿದ್ದರೆ ಅವರ ನಂತರ ಅವು ಹೋಗುವುದು ವಾರಸುದಾರರಿಗೆ. ಮಕ್ಕಳು ಒಳ್ಳೆಯವರಾಗಿದ್ದರೂ ಹಕ್ಕು ಬಿಡುಗಡೆ, ವಾರಸಾ ಪತ್ರ ಎಂದು ತಿಂಗಳುಗಟ್ಟಲೆ ಅಲೆದಾಟ. ಅಷ್ಟರಲ್ಲಿ ಊಟ ನಿಂತಿರುತ್ತದೆ. ಚಿಕ್ಕ ಸಂಘಗಳಿಗೆ ದೊಡ್ಡ ಅಪಾಯ ಬರುವುದು ಕಳ್ಳರಿಂದ ಎನ್ನುವುದಕ್ಕಿಂತ ಒಬ್ಬರೇ ಇರುವ ಒಳ್ಳೆಯವರಿಂದ ಎಂದರೆ ಕಟುವಾಗಿ ಕೇಳಬಹುದು. ನಾನು ನೋಡುವಂತೆ ವಾಸ್ತವ ಅದೇ. ಜಂಟಿ ಸಹಿಯ ಖಾತೆ, ಸಂಘದ ಹೆಸರಿನಲ್ಲೇ ಕರಾರು, ಕೆಲಸ ಬಲ್ಲ ಇನ್ನೊಬ್ಬರು, ಇಷ್ಟಿದ್ದರೆ ಅವರ ಹಟಕ್ಕೆ ಯಾವ ಭಂಗವೂ ಇಲ್ಲ.

ಆಡಳಿತ ವೆಚ್ಚದ ಶೇಕಡಾವಾರು ನೋಡಿ ಸಂಸ್ಥೆಗೆ ಅಂಕ ಕೊಡುವ ರೂಢಿಯೂ ಇದೆ. ಮೇಲಿನ ಉದಾಹರಣೆಯ ಸಂಘದ ಕಚೇರಿ ಖರ್ಚು ಶೇ. 10ರ ಆಸುಪಾಸು. ಇದನ್ನು ಸೊನ್ನೆಗಿಳಿಸಿದ್ದೇವೆ ಎಂದು ಹೆಮ್ಮೆಪಡುವ ಸಂಘಗಳಿವೆ, ಅದಕ್ಕೆ ಚಪ್ಪಾಳೆ ತಟ್ಟುವ ದಾನಿಗಳಿದ್ದಾರೆ. ಸರ್ಕಾರವೂ ಇದೇ ಅಳತೆಗೋಲನ್ನು ನೆಚ್ಚಿಕೊಂಡಿದೆ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿಯಲ್ಲಿ ಆ ದೇಣಿಗೆಯಿಂದ ಮಾಡಬಹುದಾದ ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ 20ಕ್ಕೆ ಇಳಿಸಲಾಯಿತು. ಸೊನ್ನೆ ಖರ್ಚಿನ ಸಂಘದಲ್ಲಿ ಲೆಕ್ಕ ಬರೆಯುವವರಿಗೆ ಸಂಬಳವಿಲ್ಲ, ಹಾಗಾಗಿ ಲೆಕ್ಕ ಬರೆಯುವುದು ಬಿಡುವಾದಾಗ. ತಿಂಗಳಿಗೆ ಎರಡು ಸಾವಿರ ಕೊಟ್ಟು ಅರೆಕಾಲಿಕ ಗುಮಾಸ್ತೆಯೊಬ್ಬರನ್ನು ಇಟ್ಟುಕೊಂಡ ಸಂಘದ ಶೇಕಡಾವಾರು ಕೆಟ್ಟದಾಗಿ ಕಾಣುತ್ತದೆ, ಅದರ ವೋಚರುಗಳು ಮಾತ್ರ ಸರಿಯಾಗಿರುತ್ತವೆ. ವಿದೇಶದ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಅಮೆರಿಕದಲ್ಲಿರುವ ನಮ್ಮೂರ ಹುಡುಗ ಕಳಿಸಿದ ಹಣ ನಮ್ಮದೇ ಅಲ್ಲವೇ ಎಂದು ಎಷ್ಟೋ ಸಂಘಗಳು ನಂಬಿವೆ. ಅವನ ಬಳಿ ಭಾರತದ ಪಾಸ್‌ಪೋರ್ಟ್ ಇರುವವರೆಗೆ, ಬ್ಯಾಂಕಿನ ಮೂಲಕ ಬಂದರೆ, ತೊಂದರೆಯಿಲ್ಲ. ಅಲ್ಲಿನ ಪೌರತ್ವ ಪಡೆದ ಮೇಲೆ ಕೈಯಲ್ಲಿ ಓಸಿಐ ಕಾರ್ಡ್ ಇದ್ದರೂ ಅವನ ದೇಣಿಗೆ ವಿದೇಶಿ ದೇಣಿಗೆ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಮುಟ್ಟುವಂತಿಲ್ಲ. ಪ್ರೀತಿಯಿಂದ ಬಂದ ಐವತ್ತು ಸಾವಿರವನ್ನು ವಾಪಸು ಕಳಿಸುವ ಠರಾವು ಯಾವುದಾದರೂ ನಡಾವಳಿಯಲ್ಲಿ ಕಂಡರೆ ಆ ಸಮಿತಿಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಇಷ್ಟೆಲ್ಲ ಕಾಗದಪತ್ರ ಕೇಳಿದರೆ ಸೇವೆ ಮಾಡುವವರೇ ಓಡಿಹೋಗುತ್ತಾರೆ, ದುಡಿಯುವವರನ್ನು ಅನುಮಾನಿಸಿದಂತಾಗುತ್ತದೆ ಎಂಬ ಮಾತನ್ನು ಪದಾಧಿಕಾರಿಗಳು ನೊಂದು ಹೇಳುತ್ತಾರೆ. ಹೊರೆಯ ಮಾತು ಅರ್ಧ ಸರಿ. ಕೋಟಿಗಟ್ಟಲೆ ವಹಿವಾಟಿನ ಸಂಸ್ಥೆಗೆ ಮಾಡಿದ ನಮೂನೆಗಳನ್ನು ಐದು ಲಕ್ಷದ ಸಂಘಕ್ಕೂ ತುಂಬಿಸುವ ತೆರಿಗೆ ವ್ಯವಸ್ಥೆಯನ್ನು ಸಮರ್ಥಿಸಲು ನನ್ನಿಂದಾಗದು. ಆದರೆ ಇಲ್ಲಿ ಕೇಳುತ್ತಿರುವುದರಲ್ಲಿ ಹೊಸದಾಗಿ ತುಂಬುವ ನಮೂನೆ ಒಂದೂ ಇಲ್ಲ. ಸಭೆ ಸೇರಿ ಮಾತಾಡಿದ್ದನ್ನು ಬರೆದಿಡುವುದು, ರಸೀದಿ ಪುಸ್ತಕ ಎಣಿಸುವುದು, ಸದಸ್ಯತ್ವದ ಬಾಗಿಲು ತೆರೆದಿಡುವುದು, ಇವು ಗುಮಾಸ್ತೆ ಇಲ್ಲದೆಯೂ ಆಗುವ ಕೆಲಸಗಳು. ಅನುಮಾನದ ಮಾತಿಗೆ ಉತ್ತರ ಖಜಾಂಚಿಯ ಕಡೆಯಿಂದಲೇ ಬರಬೇಕು. ಬಡಾವಣೆಯಲ್ಲಿ ಗುಸುಗುಸು ಎದ್ದಾಗ ಅವರ ಮಾನ ಕಾಯುವುದು ತಿಂಗಳ ಸಭೆಯಲ್ಲಿ ಓದಿ ಹೇಳಿ ಸಹಿ ಹಾಕಿಸಿದ ಲೆಕ್ಕ. ಇಪ್ಪತ್ತು ವರ್ಷದ ಸೇವೆಯನ್ನು ಆ ಹೊತ್ತಿನಲ್ಲಿ ಯಾರೂ ನೆನೆಯುವುದಿಲ್ಲ.

ಸರ್ಕಾರ ಏನು ಮಾಡಬೇಕು ಎಂಬಲ್ಲಿ ನಮ್ಮಲ್ಲೂ ಚಾರಿಟಿ ಕಮಿಷನರ್ ಬೇಕೆಂಬ ಬೇಡಿಕೆ ಆಗಾಗ ಕೇಳಿಬರುತ್ತದೆ. ಇನ್ನೊಂದು ಕಚೇರಿ, ಇನ್ನೊಂದು ಸರದಿ ಸಾಲು ನನಗೆ ಮೊದಲ ಹೆಜ್ಜೆಯಾಗಿ ಕಾಣುವುದಿಲ್ಲ. ಸಂಘಗಳು ಸಲ್ಲಿಸಿದ ಲೆಕ್ಕ ಈಗಾಗಲೇ ಸರ್ಕಾರಿ ಕಚೇರಿಯೊಂದರ ಕಪಾಟಿನಲ್ಲಿದೆ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದ ಅರ್ಜಿ ಹಾಕಿ ಅದನ್ನು ಕೇಳಬಹುದು. ಆದರೆ ಐನೂರು ರೂಪಾಯಿ ಕೊಡುವ ದಾನಿ ಅಷ್ಟು ಕಾಯುವುದಿಲ್ಲ. ಆ ಹಾಳೆಗಳನ್ನು ಸ್ಕ್ಯಾನ್ ಮಾಡಿ ಸಂಘದ ಹೆಸರಿನ ಮುಂದೆ ಜಾಲತಾಣದಲ್ಲಿ ಹಾಕಲಿ. ಜತೆಗೆ ಮಹಾಸಭೆ ನಡೆದ ದಿನ, ಆಡಿಟರು ಸಹಿ ಹಾಕಿದ ದಿನ, ಕಚೇರಿಗೆ ಸಲ್ಲಿಸಿದ ದಿನ, ಈ ಮೂರು ಅಂಕಣಗಳಿರಲಿ. ದೂರು, ವಿಚಾರಣೆ, ಆಡಳಿತಾಧಿಕಾರಿ ಇವೆಲ್ಲ ಬೇಕಾಗುವ ಸಂಘಗಳು ಯಾವುವು ಎಂಬುದು ಆ ಮೂರು ಅಂಕಣಗಳಿಂದಲೇ ಬಹುಪಾಲು ಗೊತ್ತಾಗುತ್ತದೆ.